ಸೋದರತ್ತೆ ಕಳಿಸಿದ ಡಬ್ಬಿ

ಪಾಂಗೈ ಆಸ್ಪತ್ರೆ, ಹಾಪೈ ದ್ವೀಪಗಳು
೯ ಫೆಬ್ರವರಿ ೧೯೮೬

ಗೌರವದ ಅತ್ತಿಗೆಯವರಿಗೆ,

ನಿಮ್ಮ ತಮ್ಮನ ಹೆಂಡತಿ ಪಿಸೀಲಾ ಮಾಡುವ ವಂದನೆಗಳು. ನಾವೆಲ್ಲ ಕ್ಷೇಮ ಎಂದು ಮೊದಲ ಸಾಲು ಬರೆಯುವುದು ರೂಢಿ. ಈ ಸಲ ಅದನ್ನು ಬರೆಯಲು ಆಗುವುದಿಲ್ಲ, ಕ್ಷಮಿಸಿ.

ಮಗಳು ಲೋಸಲೀನೆಯನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಎರಡು ವರ್ಷದ ಹಿಂದೆ ಕೀಲು ನೋವಿನ ಜ್ವರ ಬಂದಾಗಲೇ ಅವಳ ಹೃದಯದ ಒಂದು ಕವಾಟ ಕೆಟ್ಟಿತ್ತು, ನಿಮಗೆ ಗೊತ್ತು. ಈಗ ಆ ಕವಾಟದ ಮೇಲೆ ಕ್ರಿಮಿ ಕೂತಿದೆ ಎಂದು ಡಾಕ್ಟರ್ ಕಿಟಿಯೋನೆ ಹೇಳಿದರು. ದಿನವೆಲ್ಲ ಜ್ವರ, ಸಂಜೆಗೆ ನಡುಕ. ಪೆನಿಸಿಲಿನ್ ಸೂಜಿ ಶುರು ಮಾಡಿದ್ದಾರೆ. ಕೆಲವು ಗಂಟೆಗೊಂದು ಸಲ ಚುಚ್ಚುತ್ತಾರೆ. ವಾರಗಟ್ಟಲೆ ಚುಚ್ಚಬೇಕಂತೆ. ರಾಜಧಾನಿ ನುಕುಅಲೋಫಾಕ್ಕೆ ಕರೆದೊಯ್ಯೋಣವೇ ಎಂದು ಕೇಳಿದೆವು. ಹಡಗಿನ ಕುಲುಕಾಟ ಅವಳ ಹೃದಯಕ್ಕೆ ಆಗುವುದಿಲ್ಲ, ಅಲ್ಲೂ ಕೊಡುವುದು ಇದೇ ಸೂಜಿ ಎಂದರು.

ಅವಳು ಅಳುವುದಿಲ್ಲ. ನಿನ್ನೆ ನರ್ಸ್ ಮಾನುಸಿಯು ಬಂದಾಗ, "ನರ್ಸಮ್ಮಾ, ಈ ಕಡೆ ಜಾಗ ಮುಗೀತು, ಇನ್ಮೇಲೆ ನಮ್ಮಮ್ಮನಿಗೆ ಚುಚ್ಚಿ, ಅವಳ ಹತ್ರ ಬೇಕಾದಷ್ಟು ಜಾಗ ಇದೆ" ಅಂದಳು. ವಾರ್ಡೆಲ್ಲ ನಕ್ಕಿತು. ನಗದೇ ಇರುವ ಮಾನುಸಿಯು ಕೂಡ ನಕ್ಕಳು.

ನಿಮ್ಮ ತಮ್ಮ ಊರಿನಲ್ಲಿ ಗೆಣಸಿನ ತೋಟ ನೋಡಿಕೊಂಡು, ದೋಣಿ ಸಿಕ್ಕಾಗ ಬಂದು ಹೋಗುತ್ತಿದ್ದಾರೆ. ಫೂಸಿ ನನ್ನ ಜೊತೆಗೇ ಇದ್ದಾಳೆ, ಅಕ್ಕನ ಮಂಚದ ಕೆಳಗೆ ಮಲಗುತ್ತಾಳೆ. ನಿಮ್ಮಿಂದ ಪ್ರಾರ್ಥನೆ ಬಿಟ್ಟು ಬೇರೇನೂ ಕೇಳುತ್ತಿಲ್ಲ. ಲೋಸಲೀನೆ ಎಂದು ಹೆಸರಿಟ್ಟವರು ನೀವು. ನಿಮಗೆ ಹೇಳದೆ ಇರಬಾರದು ಎಂದು ಬರೆದೆ.

ಪಿಸೀಲಾ


ಆಕ್ಲೆಂಡ್
೨೧ ಫೆಬ್ರವರಿ ೧೯೮೬

ಪಿಸೀಲಾ,

ನಿನ್ನ ಕಾಗದ ಎರಡು ಸಲ ಓದಿದೆ. ಆಮೇಲೆ ಸಿಟ್ಟು ಬಂತು. ತಿಂಗಳಿಗೊಂದು ಸೂಜಿ ಹಾಕಿಸಬೇಕು ಅಂತ ಎರಡು ವರ್ಷದ ಹಿಂದೆಯೇ ಹೇಳಿದ್ದರಲ್ಲ, ಒಂದೂ ತಪ್ಪದೆ ಹಾಕಿಸಿದ್ದೀಯಾ? ದೋಣಿ ಇರಲಿಲ್ಲ, ಗಾಳಿ ಇತ್ತು ಅಂತ ನೆಪ ಹೇಳಬೇಡ. ನಿನ್ನ ತವರಿನ ಸಣ್ಣ ದ್ವೀಪದಲ್ಲಿ ಮಕ್ಕಳು ಏಡಿಗಳ ಹಾಗೆ ತಾವೇ ಬೆಳೆಯುತ್ತವೆ. ನಮ್ಮ ಮನೆತನದಲ್ಲಿ ಹಾಗಲ್ಲ.

ಇಲ್ಲಿ ಪಕ್ಕದ ಮನೆಯ ವೈನಿಯ ಗಂಡ ಊರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಸಕ್ಕರೆ, ಸೋಪು, ಡಬ್ಬಿ ಮಾಂಸ ನಿಮಗೆ. ಕೋಕೋ ಡಬ್ಬಿ ಮಾತ್ರ ಲೋಸಲೀನೆಗೆ. ಅದರಲ್ಲಿ ಕೋಕೋ ಇಲ್ಲ, ಹಳದಿ ಕ್ಯಾಪ್ಸೂಲುಗಳಿವೆ. ಟೆಟ್ರಾಸೈಕ್ಲಿನ್ ಅಂತ ಹೆಸರು. ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಎದೆಗೆ ಕಫ ಕಟ್ಟಿದ ಮುದುಕರಿಗೆ ಇದನ್ನೇ ಕೊಡುವುದು. ಸಾಯುತ್ತಾರೆ ಅಂದುಕೊಂಡವರು ಎದ್ದು ಕೂತು ಪುಡಿಂಗ್ ಕೇಳುತ್ತಾರೆ. ಕೆಲವರು ಡಬ್ಬಿ ಮುಗಿಯುವ ಮೊದಲೇ ಹೋಗಿಬಿಡುತ್ತಾರೆ, ಉಳಿದದ್ದನ್ನು ನಾನು ಎತ್ತಿಟ್ಟಿದ್ದೆ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವಾಗ ಒಂದೊಂದು ಕೊಡು. ಸೂಜಿಯೂ ನಡೆಯಲಿ, ಇದೂ ನಡೆಯಲಿ. ಒಂದು ಔಷಧಿ ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು. ನರ್ಸಿಗೆ ಹೇಳಬೇಡ. ಕಿತ್ತುಕೊಂಡು ತನ್ನ ಅಕ್ಕನ ಮಕ್ಕಳಿಗೆ ಕೊಡುತ್ತಾಳೆ, ಅಷ್ಟೇ.

ಅವಳ ಸೋದರತ್ತೆ ನಾನು. ನನ್ನ ಮಾತು ಅಂತ ಅವಳಿಗೆ ಹೇಳು, ನುಂಗುತ್ತಾಳೆ. ಫೂಸಿಯ ವಿಚಾರ ಆಮೇಲೆ ಮಾತಾಡೋಣ. ಅವಳನ್ನು ಇಲ್ಲಿ ನನ್ನ ಹತ್ತಿರ ಶಾಲೆಗೆ ಹಾಕುವುದು ಅಂತ ಯೋಚನೆ.

ಟೊಆಕಾಸೆ


ಪಾಂಗೈ ಆಸ್ಪತ್ರೆ
೬ ಮಾರ್ಚ್ ೧೯೮೬

ಗೌರವದ ಅತ್ತಿಗೆಯವರಿಗೆ,

ಗಂಟು ಕೈಸೇರಿತು. ನಿಮ್ಮ ಋಣ ತೀರಿಸಲು ನಮ್ಮಿಂದ ಆಗುವುದಿಲ್ಲ.

ಕ್ಯಾಪ್ಸೂಲು ಅಂದೇ ಶುರು ಮಾಡಿದೆ. ನೀವು ಹೇಳಿದ ಹಾಗೆ ಯಾರಿಗೂ ಹೇಳಿಲ್ಲ. ಬಾಳೆಹಣ್ಣು ಕಿವುಚಿ ಅದರೊಳಗೆ ಇಟ್ಟು ಕೊಡುತ್ತೇನೆ. ಮಾನುಸಿಯು ಭಾರೀ ಕಟ್ಟುನಿಟ್ಟು. ಪಕ್ಕದ ಮಂಚದ ಅಜ್ಜಿಗೆ ಅವಳ ಮಗಳು ಸೊಪ್ಪಿನ ರಸ ತಂದಿದ್ದನ್ನು ಕಿಟಕಿಯಿಂದ ಆಚೆ ಸುರಿದಳು.

"ಇದೇನು ಆಸ್ಪತ್ರೆನೋ ಅಡುಗೆಮನೆನೋ?" ಅಂದಳು. ನನ್ನ ಕಡೆ ತಿರುಗಿ, "ಪಿಸೀಲಾ, ನೀನೂ ಕೇಳಿಸ್ಕೋ. ಊಟ ಕೊಡು, ಮುದ್ದು ಕೊಡು. ಔಷಧಿ ಕೊಡೋದು ನಾನು."

"ಬಾಳೆಹಣ್ಣು ಕೊಡಬಹುದಾ ಸಿಸ್ಟರ್?"

"ಬಾಳೆಹಣ್ಣಿಗೂ ಚೀಟಿ ಬರ್ಕೊಡ್ಲಾ ನಿಂಗೆ?"

ಲೋಸಲೀನೆ ದಿಂಬಿಗೆ ಮುಖ ಒತ್ತಿ ನಗುತ್ತಿದ್ದಳು. ಅವಳಿಗೆ ಎಲ್ಲ ಗೊತ್ತು. "ಅತ್ತೆಯ ಬಾಳೆಹಣ್ಣು ತಾ" ಎಂದೇ ಕೇಳುತ್ತಾಳೆ.

ಜ್ವರ ಇಳಿದಿದೆ ಅತ್ತಿಗೆ. ನಿಮ್ಮ ಗಂಟು ಬರುವ ಮೊದಲೇ ಸ್ವಲ್ಪ ಇಳಿಯುತ್ತಿತ್ತು, ಆದರೆ ಈಗ ಸಂಜೆಯ ನಡುಕವೂ ಕಡಿಮೆ. ಡಾಕ್ಟರು ಸೂಜಿ ಕೆಲಸ ಮಾಡುತ್ತಿದೆ ಎಂದು ಸಂತೋಷಪಟ್ಟರು. ನಾನು ಬಾಳೆಹಣ್ಣಿನ ಸಿಪ್ಪೆ ಎತ್ತಿ ಹಾಕಿದೆ. ಯಾವುದು ಕೆಲಸ ಮಾಡುತ್ತಿದೆ ಎಂದು ನನಗೆ ಗೊತ್ತು.

ಪಿಸೀಲಾ


ಆಕ್ಲೆಂಡ್
೧೨ ಮಾರ್ಚ್ ೧೯೮೬

ಪಿಸೀಲಾ,

ಇದು ಕೈಗೆ ಬಂದ ಕೂಡಲೇ ಕ್ಯಾಪ್ಸೂಲು ನಿಲ್ಲಿಸು. ಉಳಿದದ್ದನ್ನು ಡಬ್ಬಿ ಸಮೇತ ವಾವಾಉ ದ್ವೀಪಕ್ಕೆ, ನಮ್ಮ ಚಿಕ್ಕಪ್ಪನ ಮಗ ಸೆಮಿಸಿಗೆ ಕಳಿಸು. ಅವನ ಮಗನಿಗೆ ಕಾಲಲ್ಲಿ ಹುಣ್ಣಾಗಿದೆಯಂತೆ. ನಿನ್ನ ಮಗಳಿಗೆ ಸೂಜಿಯಾದರೂ ಇದೆ, ಆ ಹುಡುಗನಿಗೆ ಏನೂ ಇಲ್ಲ. ನಮ್ಮ ಮನೆತನಕ್ಕೆ ಇರುವವನು ಅವನೊಬ್ಬನೇ ಗಂಡು.

ನಾನು ಕೊಟ್ಟದ್ದು, ನಾನೇ ವಾಪಸು ಕೇಳುತ್ತಿದ್ದೇನೆ. ಒಂದನ್ನೂ ಇಟ್ಟುಕೊಳ್ಳಬೇಡ. ಕಳಿಸಿದ ಮೇಲೆ ನನಗೆ ಬರೆ.

ಟೊಆಕಾಸೆ


ಪಾಂಗೈ ಆಸ್ಪತ್ರೆ
೨೪ ಮಾರ್ಚ್ ೧೯೮೬

ಗೌರವದ ಅತ್ತಿಗೆಯವರಿಗೆ,

ನಿಮ್ಮ ಕಾಗದ ತಲುಪಿತು. ನೀವು ಹೇಳಿದ ಹಾಗೆಯೇ ನಿಲ್ಲಿಸಿದೆ. ಡಬ್ಬಿಯನ್ನು ಉತ್ತರಕ್ಕೆ ಹೋಗುವ ಹಡಗಿನವರ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಸೆಮಿಸಿಯವರ ಮಗ ಬೇಗ ಗುಣವಾಗಲಿ.

ಲೋಸಲೀನೆ ನಿಮ್ಮನ್ನು ಕೇಳುತ್ತಾಳೆ.

ಪಿಸೀಲಾ


೨೪ ಮಾರ್ಚ್
ಇದನ್ನು ಕಳಿಸುವುದಿಲ್ಲ. ಬರೆದರೆ ಎದೆ ಹಗುರಾಗುತ್ತದೆ ಎಂದು ಬರೆಯುತ್ತಿದ್ದೇನೆ.

ಅತ್ತಿಗೆ, ಡಬ್ಬಿ ಎಲ್ಲಿಗೂ ಹೋಗಿಲ್ಲ. ನನ್ನ ಚಾಪೆಯ ಸುರುಳಿಯೊಳಗೆ ಇದೆ. ಇವತ್ತು ಬೆಳಿಗ್ಗೆಯೂ ಕೊಟ್ಟೆ, ಮಧ್ಯಾಹ್ನವೂ ಕೊಟ್ಟೆ.

ನೀವು ನಮ್ಮ ಮನೆಗೆ ಬಂದಾಗ ನನ್ನ ಹೊಸ ಚಾಪೆ ಬೇಕು ಎಂದಿರಿ, ಕೊಟ್ಟೆ. ಮದುವೆಗೆ ಅಮ್ಮ ಮರದ ತೊಗಟೆ ಬಡಿದು ಮಾಡಿಕೊಟ್ಟ ಬಟ್ಟೆ ಬೇಕು ಎಂದಿರಿ, ಮಡಿಸಿ ಕೊಟ್ಟೆ. ಗಂಡನ ಅಕ್ಕ ಕೇಳಿದ್ದನ್ನು ಕೊಡುವುದು ನಮ್ಮಲ್ಲಿ ರೂಢಿ, ಅದು ನಿಮ್ಮ ಹಕ್ಕು. ನಾನು ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ. ಆದರೆ ಸಾಯುತ್ತಿದ್ದ ಹುಡುಗಿಯ ಬಾಯಿಂದ ಔಷಧಿ ಕಿತ್ತು, ಕಾಲಿಗೆ ಹುಣ್ಣಾದ ಹುಡುಗನಿಗೆ ಕೊಡಿ ಎನ್ನುವ ಮನಸ್ಸು ಎಂಥದ್ದು? ಅವನು ಗಂಡು ಎಂದು ಬೇರೆ ಬರೆದಿದ್ದೀರಿ. ಅದನ್ನು ಇವಳಿಗೆ ಓದಿ ಹೇಳಲಿಲ್ಲ. ಅತ್ತೆ ಏನು ಬರೆದಿದ್ದಾಳೆ ಎಂದು ಕೇಳಿದಳು. ಬೇಗ ಎದ್ದೇಳು ಅಂತ ಬರೆದಿದ್ದಾಳೆ ಎಂದೆ.

ಹದಿನಾರು ವರ್ಷದ ಸಂಸಾರದಲ್ಲಿ ನಿಮ್ಮ ಮಾತು ಮೀರಿದ್ದು ಇದೊಂದೇ. ಮೀರಿದ್ದಕ್ಕೆ ನನಗೆ ಸಂತೋಷವೇ ಆಗುತ್ತಿದೆ.


ಆಕ್ಲೆಂಡ್
೮ ಏಪ್ರಿಲ್ ೧೯೮೬

ಪಿಸೀಲಾ,

ಒಳ್ಳೆಯ ಕೆಲಸ ಮಾಡಿದೆ. ನಿನ್ನ ಕಾಗದ ಬಂದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ. ನಿನ್ನ ಬಗ್ಗೆ ಕೆಲವು ಸಲ ಒರಟಾಗಿ ಬರೆಯುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೇಳಿದ ಮಾತು ಕೇಳುವ ಗುಣ ನಿನ್ನಲ್ಲಿದೆ, ಅದನ್ನು ಇಲ್ಲಿಯ ಹೆಂಗಸರ ಮುಂದೆಯೂ ಹೇಳಿದ್ದೇನೆ.

ಇನ್ನು ಸೂಜಿ ತನ್ನ ಕೆಲಸ ತಾನು ಮಾಡುತ್ತದೆ. ಬೇರೇನೂ ಬೇಡ. ಯಾರು ಏನು ತಂದುಕೊಟ್ಟರೂ ಕೊಡಬೇಡ.

ಮೇ ತಿಂಗಳ ಮಕ್ಕಳ ಭಾನುವಾರಕ್ಕೆ ಲೋಸಲೀನೆಗೆ ಒಂದು ಬಿಳಿ ಅಂಗಿ ಹೊಲಿಸಿ ಕಳಿಸಿದ್ದೇನೆ. ಕುತ್ತಿಗೆಗೆ ಲೇಸು ಇದೆ. ಎದ್ದು ನಿಲ್ಲಲಾಗದಿದ್ದರೆ ತಮ್ಮ ಲಿಸಿಯಾಟೆ ಎತ್ತಿಕೊಂಡು ಹೋಗಲಿ. ಅವಳ ಬೈಬಲ್ ವಚನವನ್ನು ಅವಳೇ ಚರ್ಚಿನಲ್ಲಿ ಹೇಳಬೇಕು. ಫೂಸಿಗೂ ಒಂದು ರಿಬ್ಬನ್ ಇದೆ.

ಟೊಆಕಾಸೆ


ಪಾಂಗೈ ಆಸ್ಪತ್ರೆ
೧೯ ಏಪ್ರಿಲ್ ೧೯೮೬

ಅತ್ತಿಗೆಯವರಿಗೆ,

ಜ್ವರ ಮತ್ತೆ ಏರಿದೆ. ಉಗುರಿನ ಕೆಳಗೆ ಸಣ್ಣ ಕೆಂಪು ಗೀರುಗಳು ಕಾಣುತ್ತಿವೆ. ಪಾದ ಬಾತಿದೆ. ಮಲಗಿದರೆ ಉಸಿರು ಸಿಗುವುದಿಲ್ಲ, ನನ್ನ ಎದೆಗೆ ಒರಗಿ ಕೂತೇ ಇರುತ್ತಾಳೆ.

ರಕ್ತದಲ್ಲಿ ಕ್ರಿಮಿ ಇನ್ನೂ ಜೀವಂತ ಇದೆಯಂತೆ. ಡಾಕ್ಟರ್ ಕಿಟಿಯೋನೆ ಮಂಚದ ಪಕ್ಕ ಕೂತು ಅವಳ ಉಗುರು ನೋಡಿದರು. "ಈ ಕ್ರಿಮಿ ಈ ಸೂಜಿಗೆ ಸಾಯೋ ಜಾತಿದೇ. ಇಷ್ಟು ಹೊತ್ತಿಗೆ ಸತ್ತಿರ್ಬೇಕಿತ್ತು. ಹೊರಗಡೆದು ಏನಾದ್ರೂ ಕೊಡ್ತಿದೀಯೇನಮ್ಮಾ?" ಎಂದು ಕೇಳಿದರು. ಇಲ್ಲ ಎಂದೆ, ನೀವು ಹೇಳಿಕೊಟ್ಟ ಹಾಗೆ.

ಸೂಜಿ ಇನ್ನೂ ಹೆಚ್ಚು ಮಾಡಿದ್ದಾರೆ. ಬಿಳಿ ಅಂಗಿ ಬಂದಿದೆ. ಮಂಚದ ಕಾಲಿಗೆ ತೂಗುಹಾಕಿದ್ದೇನೆ, ಅವಳು ಅದನ್ನು ನೋಡುತ್ತಿರುತ್ತಾಳೆ.

ಪಿಸೀಲಾ


ತಂತಿ
ಪಾಂಗೈ, ೨೭ ಏಪ್ರಿಲ್ ೧೯೮೬

ಲೋಸಲೀನೆ ತೀರಿಕೊಂಡಳು. ಅಕ್ಕ ಬರುವವರೆಗೆ ಮಣ್ಣು ಮಾಡುವುದಿಲ್ಲ.
ಲಿಸಿಯಾಟೆ


ಆಕ್ಲೆಂಡ್
೩೦ ಮೇ ೧೯೮೬

ಪಿಸೀಲಾ,

ಮಣ್ಣಿಗೆ ಬಂದು ಊರಲ್ಲಿ ಇದ್ದಾಗ ಹೇಳಬಾರದು ಅಂತ ಸುಮ್ಮನಿದ್ದೆ, ಈಗ ಬರೆಯುತ್ತೇನೆ.

ಮಗುವಿನ ತಲೆಯ ಹತ್ತಿರ ನಾನು ಕೂತಿದ್ದಾಗ ನೀನು ಒಂದು ಸಲವೂ ನನ್ನ ಮುಖ ನೋಡಲಿಲ್ಲ. ನಿನ್ನ ತವರಿನವರು ಹೊಗೆಯಲ್ಲಿ ಕೂತು ಬೇಯಿಸಿದ್ದರಲ್ಲಿ ಗೆಣಸು ಅರೆಬೆಂದಿತ್ತು. ಪಾದ್ರಿಗಳ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ. ನಿನ್ನ ಅಣ್ಣ ಕಾಣಿಕೆಗೆ ತಂದ ಚಾಪೆಯ ಅಂಚು ಹರಿದಿತ್ತು. ನೋಡಿದರೂ ನೋಡದವಳ ಹಾಗೆ ತೆಗೆದುಕೊಂಡೆ.

ಹೆಂಗಸರು ಕೇಳಿದರು, ಏನಾಯಿತು, ಇಷ್ಟು ದಿನ ಸೂಜಿ ಹಾಕಿದರೂ ಹೇಗೆ ಹೋಯಿತು ಅಂತ. ನಾನೇನು ಹೇಳಲಿ? ತಾಯಿಯ ಕೈಯಲ್ಲಿತ್ತು ಮಗು, ತಾಯಿಯನ್ನೇ ಕೇಳಿ ಅಂದೆ. ಕೆಲವರ ಕೈಗುಣ ಹಾಗೆ. ಹಿಡಿದದ್ದು ಉಳಿಯುವುದಿಲ್ಲ.

ಅದಕ್ಕೇ ಫೂಸಿ ನಿನ್ನ ಹತ್ತಿರ ಇರುವುದು ಬೇಡ. ವರ್ಷದ ಪ್ರಾರ್ಥನೆಗೆ, ಶೋಕದ ಕಪ್ಪು ಬಟ್ಟೆ ತೆಗೆಯುವ ದಿನ ಬರುತ್ತೇನೆ, ಹೋಗುವಾಗ ಅವಳನ್ನು ಕರೆದುಕೊಂಡು ಹೋಗುತ್ತೇನೆ. ತಮ್ಮನ ಮಗುವನ್ನು ಕೇಳುವ ಹಕ್ಕು ನನಗಿದೆ. ಲಿಸಿಯಾಟೆಗೆ ಗುಡಿಸಲಿನ ಹೊರಗೆ ನಿಂತು ಹೇಳಿದೆ. ಅವನು ತಲೆ ಎತ್ತದೆ, "ನಿಮ್ಮ ಇಷ್ಟ ಅಕ್ಕಾ" ಅಂದ. ಅವನು ಒಪ್ಪಿದ ಮೇಲೆ ಮುಗಿಯಿತು.

ಅವಳಿಗೆ ಸ್ವಲ್ಪ ಇಂಗ್ಲಿಷ್ ಅಕ್ಷರ ಕಲಿಸಿಡು.

ಟೊಆಕಾಸೆ


ಹಾಪೈ
೨೨ ಜೂನ್ ೧೯೮೬

ಅತ್ತಿಗೆಯವರಿಗೆ,

ಗೆಣಸು ಅರೆಬೆಂದದ್ದಕ್ಕೆ ಕ್ಷಮೆ ಕೇಳುತ್ತೇನೆ. ಚಾಪೆಯ ಅಂಚು ಹರಿದದ್ದಕ್ಕೂ ಕೇಳುತ್ತೇನೆ. ಅಣ್ಣ ಅದನ್ನು ತಲೆಯ ಮೇಲೆ ಹೊತ್ತು ಮಳೆಯಲ್ಲಿ ದೋಣಿ ಇಳಿದಿದ್ದ.

ಮಣ್ಣಿನ ದಿನ ವಾವಾಉದಿಂದ ಸೆಮಿಸಿ ಮಗನನ್ನೂ ಕರೆದುಕೊಂಡು ಬಂದಿದ್ದರು. ಹುಡುಗ ತೆಂಗಿನ ಮರ ಹತ್ತಿ ಎಳನೀರು ಕೆಡವುತ್ತಿದ್ದ. ಕೆಳಗಿಳಿದಾಗ ಅವನ ಕಾಲು ನೋಡಿದೆ. ಒಂದು ಕಲೆ ಕೂಡ ಇರಲಿಲ್ಲ.

"ಹುಣ್ಣು ಪೂರಾ ವಾಸಿ ಆಯ್ತಾ?" ಎಂದು ಸೆಮಿಸಿಯನ್ನು ಕೇಳಿದೆ.

"ಯಾವ ಹುಣ್ಣು ಅತ್ತಿಗೆ? ಇವನಿಗಾ? ಇವನಿಗೆ ಬರೋದು ಒಂದೇ ರೋಗ, ಶಾಲೆ ಇರೋ ದಿನ ಹೊಟ್ಟೆನೋವು."

ಎಲ್ಲರೂ ನಕ್ಕರು. ನಾನು ನೀರು ತರುತ್ತೇನೆ ಎಂದು ಎದ್ದು ಹೋದೆ.

ಹೋದ ವಾರ ಆಸ್ಪತ್ರೆಯ ಕಂಬಳಿ ತೊಳೆದು ವಾಪಸು ಕೊಡಲು ಪಾಂಗೈಗೆ ಹೋಗಿದ್ದೆ. ಕೋಕೋ ಡಬ್ಬಿಯನ್ನೂ ತೆಗೆದುಕೊಂಡು ಹೋದೆ. ಹೌದು ಅತ್ತಿಗೆ, ಅದನ್ನು ನಾನು ಕಳಿಸಿರಲಿಲ್ಲ. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮಾನುಸಿಯು ಬೈದರೂ ನಮ್ಮ ಮಗುವಿನ ಆರೈಕೆ ಮಾಡಿದವಳು, ಬೇರೆ ಮಕ್ಕಳಿಗಾದರೂ ಆಗಲಿ ಎಂದು ಕೊಟ್ಟೆ.

ಅವಳು ಮುಚ್ಚಳ ತೆಗೆದು ನೋಡಿದಳು. "ಇದು ಎಲ್ಲಿಂದ ಬಂತು?" ಅಂದಳು. "ಯಾರಿಗೆ ಕೊಟ್ಟೆ ಪಿಸೀಲಾ?" ಅಂದಳು. ಆಮೇಲೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರನ್ನು ಕರೆದಳು.

ಡಾಕ್ಟರ್ ಕಿಟಿಯೋನೆ ಬಾಗಿಲು ಹಾಕಿ ನನ್ನನ್ನು ಕೂರಿಸಿದರು. ಅವರು ಮೀನುಗಾರರ ಮಗ, ನನಗೆ ತಿಳಿಯುವ ಹಾಗೆ ಹೇಳಿದರು. "ಪೆನಿಸಿಲಿನ್ ಅಂದ್ರೆ ಗಾಳ ಇದ್ದ ಹಾಗಮ್ಮಾ. ಕ್ರಿಮಿ ತಿಂದು ಬೆಳೀತಾ ಇದ್ರೆ ಮಾತ್ರ ಕಚ್ಚುತ್ತೆ, ಸಾಯುತ್ತೆ. ಈ ಹಳದಿ ಕ್ಯಾಪ್ಸೂಲು ಕ್ರಿಮೀನ ಕೊಲ್ಲಲ್ಲ, ಮಲಗಿಸುತ್ತೆ. ಬೇರೆ ಕಾಯಿಲೆಗೆ ಅಷ್ಟೇ ಸಾಕು, ಉಳಿದದ್ದು ಮೈ ನೋಡ್ಕೊಳ್ಳುತ್ತೆ. ಹೃದಯದ ಕವಾಟದ ಮೇಲೆ ಕೂತದ್ದನ್ನ ಮೈ ನೋಡ್ಕೊಳ್ಳಕ್ಕಾಗಲ್ಲ, ಕೊಂದೇ ಆಗ್ಬೇಕು. ನಾವು ಗಾಳ ಹಾಕ್ತಾನೇ ಇದ್ವಿ. ನೀನು ಮೀನನ್ನ ಮಲಗಿಸ್ತಾನೇ ಇದ್ದೆ."

ಅದರಿಂದಲೇ ಹೋದಳಾ ಎಂದು ಕೇಳಿದೆ. ಕವಾಟ ಮೊದಲೇ ಕೆಟ್ಟಿತ್ತು, ಅದೊಂದೇ ಕಾರಣ ಎಂದು ಹೇಳಲಾರೆ ಎಂದರು. ಅಲ್ಲ ಎಂದೂ ಹೇಳಲಿಲ್ಲ. ಡಬ್ಬಿಯನ್ನು ನನ್ನ ಕೈಗೇ ವಾಪಸು ಕೊಟ್ಟರು.

ದೋಣಿಯಲ್ಲಿ ಬರುವಾಗ ನಿಮ್ಮ ಮಾರ್ಚ್ ತಿಂಗಳ ಕಾಗದ ನೆನಪಾಯಿತು. ಇರದ ಹುಣ್ಣಿಗೆ ಔಷಧಿ ಕೇಳಿದ್ದಿರಿ. ಕೂಡಲೇ ನಿಲ್ಲಿಸು, ಒಂದನ್ನೂ ಇಟ್ಟುಕೊಳ್ಳಬೇಡ ಎಂದಿದ್ದಿರಿ.

ಅತ್ತಿಗೆ, ನಿಮಗೆ ಗೊತ್ತಿತ್ತಾ?

ಪಿಸೀಲಾ


ಆಕ್ಲೆಂಡ್
೧೫ ಆಗಸ್ಟ್ ೧೯೮೬

ಪಿಸೀಲಾ,

ಪ್ರಶ್ನೆ ಕೇಳುವಷ್ಟು ದೊಡ್ಡವಳಾದೆಯಾ? ಸರಿ, ಕೇಳಿದ್ದೀಯ, ಉತ್ತರ ತಗೋ.

ಗೊತ್ತಿತ್ತು. ಗಂಟು ಕಳಿಸುವಾಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ನಮ್ಮ ವೃದ್ಧಾಶ್ರಮಕ್ಕೆ ಔಷಧಿ ತುಂಬಲು ಔಷಧಿ ಅಂಗಡಿಯವನೊಬ್ಬ ಬರುತ್ತಾನೆ. ನನ್ನ ತಮ್ಮನ ಮಗಳಿಗೆ ಸೂಜಿಯ ಜೊತೆ ಇದನ್ನೂ ಕಳಿಸಿದೆ ಅಂತ ಜಂಬದಿಂದ ಅವನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಶೀಶೆ ಕೆಳಗಿಟ್ಟ. ಹೃದಯಕ್ಕೆ ಪೆನಿಸಿಲಿನ್ ನಡೆಯುತ್ತಿದ್ದರೆ ಇದನ್ನು ಕೊಡಲೇಬಾರದು, ಇವತ್ತೇ ನಿಲ್ಲಿಸಲು ಹೇಳು ಅಂದ. ಅವತ್ತೇ ನಿನಗೆ ಬರೆದೆ.

ಏನು ಬರೆಯಬೇಕಿತ್ತು? ಸೋದರತ್ತೆ ತಪ್ಪು ಔಷಧಿ ಕಳಿಸಿದಳು ಅಂತ ತಮ್ಮನ ಹೆಂಡತಿಗೆ ಬರೆಯಬೇಕಿತ್ತಾ? ನೀನು ಅದನ್ನು ಬಾವಿಕಟ್ಟೆಯಲ್ಲಿ ಕೂತು ಓದಿ ಹೇಳಲಿ ಅಂತಲಾ? ಇಷ್ಟು ವರ್ಷದಲ್ಲಿ ನನ್ನ ಒಂದು ಮಾತಿಗೂ ನೀನು ಕಾರಣ ಕೇಳಿದವಳಲ್ಲ. ನಿಲ್ಲಿಸು ಅಂದರೆ ನಿಲ್ಲಿಸುತ್ತೀಯ ಅಂತ ನಂಬಿದೆ. ನಿಲ್ಲಿಸಿದೆ ಅಂತ ನೀನೇ ಬರೆದೆ. ಆ ಕಾಗದ ಬೈಬಲಿನಲ್ಲಿ ಇಟ್ಟುಕೊಂಡಿದ್ದೆ.

ಲಿಸಿಯಾಟೆಯ ತಂತಿ ಬಂದ ಮರುದಿನ ನಿನ್ನ ಏಪ್ರಿಲ್ ಕಾಗದ ಬಂತು. "ಡಾಕ್ಟರು ಕೇಳಿದರು, ಇಲ್ಲ ಎಂದೆ, ನೀವು ಹೇಳಿಕೊಟ್ಟ ಹಾಗೆ" ಅಂತ ಬರೆದಿದ್ದೀಯ. ನಿಲ್ಲಿಸಿದವಳಿಗೆ ಹೇಳಿಕೊಟ್ಟ ಸುಳ್ಳು ಯಾಕೆ ಬೇಕು? ಆ ಸಾಲು ಓದಿದಾಗ ನೀನು ಇನ್ನೂ ಕೊಡುತ್ತಲೇ ಇದ್ದೀಯ ಅಂತ ತಿಳಿಯಿತು. ಅದನ್ನು ತಿಳಿದುಕೊಂಡೇ ವಿಮಾನ ಹತ್ತಿದೆ. ತಿಳಿದುಕೊಂಡೇ ಅವಳ ತಲೆಯ ಹತ್ತಿರ ಕೂತೆ. ಆ ಬಿಳಿ ಅಂಗಿಯ ಲೇಸು ನನ್ನ ಮಂಡಿಗೆ ತಾಗುತ್ತಿತ್ತು. ನಿನಗೆ ಅಳಲು ಜಾಗವಿತ್ತು. ನನಗೆ ಅದೂ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಇಷ್ಟು ಸಾಕು. ಈಗ ಚೆನ್ನಾಗಿ ಕೇಳಿಸಿಕೋ. ಕಳಿಸಿದವಳು ನಾನು. ಬಾಳೆಹಣ್ಣಿನಲ್ಲಿ ಇಟ್ಟು ಬಾಯಿಗೆ ಹಾಕಿದವಳು ನೀನು. ಬೇಡ ಅಂದ ಮೇಲೂ ಹಾಕಿದವಳು ನೀನು. ಊರಲ್ಲಿ ಬಾಯಿ ಬಿಟ್ಟರೆ ನಾನೂ ಬಾಯಿ ಬಿಡುತ್ತೇನೆ. ನಿನ್ನ ಗಂಡ ಯಾರ ಮಾತು ನಂಬುತ್ತಾನೆ ಅಂತ ನಿನಗೆ ಗೊತ್ತು. ಫೂಸಿಯನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಅದರಲ್ಲಿ ಬದಲಿಲ್ಲ.

ಟೊಆಕಾಸೆ


ಹಾಪೈ
೧೪ ಮಾರ್ಚ್ ೧೯೮೭

ಗೌರವದ ಅತ್ತಿಗೆಯವರಿಗೆ,

ಬಹಳ ತಿಂಗಳಾಯಿತು ಬರೆದು. ನೀವು ಹೇಳಿದ್ದೆಲ್ಲ ನಿಜ. ನನ್ನ ಕೈಯೇ. ಪ್ರತಿ ದಿನ ಈ ಕೈಯಲ್ಲೇ ಗೆಣಸು ಸುಲಿಯುತ್ತೇನೆ, ಫೂಸಿಯ ಜಡೆ ಹೆಣೆಯುತ್ತೇನೆ. ಬೇರೆ ಕೈ ಇಲ್ಲ.

ಊರಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮ ತಮ್ಮನಿಗೂ ಹೇಳಿಲ್ಲ. ನಾನು ಹೇಳುವುದೂ ಇಲ್ಲ, ನೀವು ಹೆದರಬೇಡಿ.

ವರ್ಷದ ಪ್ರಾರ್ಥನೆ ಏಪ್ರಿಲ್ ಕೊನೆಗೆ ಎಂದು ಪಾದ್ರಿಗಳು ಗೊತ್ತು ಮಾಡಿದ್ದಾರೆ. ದೊಡ್ಡ ಹಂದಿಯನ್ನು ನಿಮ್ಮ ತಮ್ಮ ನಿಮಗಾಗಿಯೇ ಉಳಿಸಿದ್ದಾರೆ. ಗೌರವದ ಬೆನ್ನಿನ ತುಂಡು ನಿಮ್ಮದು ಎಂದು ಈಗಲೇ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾರೆ. ನಾನೂ ಒಂದು ಚಾಪೆ ಹೆಣೆದಿದ್ದೇನೆ. ಇದರ ಅಂಚು ಹರಿದಿಲ್ಲ. ನೀವು ಕೂರುವ ಜಾಗದಲ್ಲಿ, ಎಲ್ಲರಿಗಿಂತ ಮುಂದೆ, ಅದನ್ನು ಹಾಸುತ್ತೇನೆ.

ಅದರ ಮೇಲೆ ಕೋಕೋ ಡಬ್ಬಿ ಇಡುತ್ತೇನೆ. ಒಳಗಿರುವುದನ್ನು ತೆಗೆದಿಲ್ಲ. ವಾಪಸು ಕೇಳಿದ್ದಿರಿ, ಆಗ ಕೊಡಲಿಲ್ಲ. ಎಲ್ಲರ ಮುಂದೆ ಕೊಡುವುದು ಮರ್ಯಾದೆ.

ಇದೇನು ಎಂದು ನಿಮ್ಮ ತಮ್ಮ ಕೇಳಿಯೇ ಕೇಳುತ್ತಾರೆ. ಆಗ ನೀವೇ ಹೇಳಿ. ಕಳಿಸಿದ್ದು ಯಾರು ಎಂದು ಮೊದಲು, ಕೊಟ್ಟದ್ದು ಯಾರು ಎಂದು ಆಮೇಲೆ. ನೀವು ಅಷ್ಟು ಹೇಳಿದರೆ ಫೂಸಿಯನ್ನು ನಾನೇ ದೋಣಿಯವರೆಗೆ ಕೈಹಿಡಿದು ತಂದು ಬಿಡುತ್ತೇನೆ. ಮಾತಿಗೆ ತಪ್ಪುವುದಿಲ್ಲ.

ಪಿಸೀಲಾ


ಆಕ್ಲೆಂಡ್
೧೦ ಏಪ್ರಿಲ್ ೧೯೮೭

ಪಿಸೀಲಾ,

ಮಂಡಿ ನೋವು ಜಾಸ್ತಿಯಾಗಿದೆ. ಡಾಕ್ಟರು ವಿಮಾನ ಬೇಡ ಅಂದಿದ್ದಾರೆ. ಪ್ರಾರ್ಥನೆ ನಾನಿಲ್ಲದೆ ನಡೆಯಲಿ. ಫೂಸಿ ಸದ್ಯಕ್ಕೆ ಅಲ್ಲೇ ಇರಲಿ, ಇಲ್ಲಿ ಶಾಲೆಯಲ್ಲಿ ಜಾಗವೂ ಇಲ್ಲ.

ಲಿಸಿಯಾಟೆಗೆ ಏನಾದರೂ ಹೇಳು. ಅವನಿಗೆ ನನ್ನ ಮೇಲೆ ಬೇಜಾರಾಗದ ಹಾಗೆ ಹೇಳು.

ಆ ಡಬ್ಬಿಯನ್ನು ಸಮುದ್ರಕ್ಕೆ ಎಸೆ. ಕೇಳಿಕೊಳ್ಳುತ್ತಿದ್ದೇನೆ.

ಟೊಆಕಾಸೆ


ಹಾಪೈ
೩ ಮೇ ೧೯೮೭, ಮಕ್ಕಳ ಭಾನುವಾರ

ಗೌರವದ ಅತ್ತಿಗೆಯವರಿಗೆ,

ಪ್ರಾರ್ಥನೆ ಚೆನ್ನಾಗಿ ನಡೆಯಿತು. ಗೆಣಸು ಚೆನ್ನಾಗಿ ಬೆಂದಿತ್ತು.

ನಿಮ್ಮ ತಮ್ಮನಿಗೆ ನಾನು ಏನೂ ಹೇಳಲಿಲ್ಲ. ನೀವು ಬರುವುದಿಲ್ಲ ಎಂದೂ ಹೇಳಲಿಲ್ಲ. ಅವರು ಬೆಳಿಗ್ಗೆಯೇ ದಡಕ್ಕೆ ಹೋಗಿ ಪ್ರತಿ ದೋಣಿಯನ್ನೂ ನೋಡಿದರು. ಊಟಕ್ಕೆ ಎಲ್ಲರೂ ಕೂತ ಮೇಲೂ ಬಡಿಸಲು ಬಿಡಲಿಲ್ಲ. "ಇನ್ನೊಂಚೂರು ತಡೀರಿ, ಅಕ್ಕ ಬರ್ತಾಳೆ. ಲೋಸಲೀನೆ ಕಾರ್ಯಕ್ಕೆ ಅಕ್ಕ ಬರದೇ ಇರ್ತಾಳಾ?" ಎಂದರು. ಪಾದ್ರಿಗಳು ಗಡಿಯಾರ ನೋಡಿಕೊಂಡರು. ಸೆಮಿಸಿ, "ಅಣ್ಣಾ, ಹಂದಿ ತಣ್ಣಗಾದ್ರೆ ಅದರ ಆತ್ಮ ನಮ್ಮನ್ನ ಬಿಡಲ್ಲ" ಎಂದರು. ಯಾರೂ ನಗಲಿಲ್ಲ.

ಚಾಪೆಯ ಮೇಲೆ ಯಾರೂ ಕೂರಲಿಲ್ಲ. ಬೆನ್ನಿನ ತುಂಡನ್ನು ಬಾಳೆ ಎಲೆಯಲ್ಲಿ ಸುತ್ತಿ ಅದರ ಮೇಲಿಟ್ಟೆವು. ಸಂಜೆಗೆ ಇರುವೆ ಬಂತು.

ಎಲ್ಲರೂ ಹೋದ ಮೇಲೆ ಅವರು ಡಬ್ಬಿಯನ್ನು ತೋರಿಸಿ, "ಅದೇನೇ ಅದು?" ಎಂದರು.

"ನಿಮ್ಮಕ್ಕನ ವಸ್ತು. ಅವರೇ ಬಂದು ಹೇಳ್ತಾರೆ."

"ಅಕ್ಕನಿಗೆ ನಾನೇನು ತಪ್ಪು ಮಾಡಿದೆ ಪಿಸೀಲಾ? ನಿಂಗೇನಾದ್ರೂ ಗೊತ್ತಾ?"

ಇಲ್ಲ ಎಂದೆ. ಡಾಕ್ಟರಿಗೆ ಇಲ್ಲ ಎಂದದ್ದೂ ಇದೇ ಬಾಯಿ. ಒಗ್ಗಿಹೋಗಿದೆ. ಅವರು ಕಪ್ಪು ಅಂಗಿ ತೆಗೆಯಲಿಲ್ಲ. ಅಕ್ಕ ಬಂದು ತೆಗೆ ಎಂದರೆ ಮಾತ್ರ ತೆಗೆಯುತ್ತಾರಂತೆ. ಅದರಲ್ಲೇ ತೋಟಕ್ಕೆ ಹೋಗುತ್ತಿದ್ದಾರೆ.

ಇವತ್ತು ಫೂಸಿ ಚರ್ಚಿನಲ್ಲಿ ವಚನ ಹೇಳಿದಳು. ನಡುವೆ ಮರೆತಳು, ನಾನು ಕೂತಲ್ಲಿಂದಲೇ ತುಟಿ ಆಡಿಸಿ ತೋರಿಸಿದೆ. ಅವಳಿಗೆ ಗಂಟಲು ನೋವು ಬಂದಿತ್ತು. ಮಾನುಸಿಯುವಿನ ಹತ್ತಿರ ಕರೆದುಕೊಂಡು ಹೋದೆ. ಒಂದು ಸೂಜಿ ಹಾಕಿದಳು. ಬಾಳೆಹಣ್ಣು ಕೊಡಬಹುದಾ ಎಂದು ಕೇಳಿದೆ. ಅವಳು ನನ್ನ ಕೈಯಿಂದ ಹಣ್ಣು ತೆಗೆದುಕೊಂಡು, ನಾಲ್ಕು ಕಡೆ ಮುರಿದು ನೋಡಿ, ಆಮೇಲೆ ಕೊಟ್ಟಳು.

ಡಬ್ಬಿಯನ್ನು ಸಮುದ್ರಕ್ಕೆ ಎಸೆಯಲಿಲ್ಲ. ಅದು ನಿಮ್ಮದು. ಮುಂದಿನ ವರ್ಷವೂ ಹಂದಿ ಉಳಿಸುತ್ತಾರೆ ನಿಮ್ಮ ತಮ್ಮ, ದಡಕ್ಕೂ ಹೋಗುತ್ತಾರೆ. ಅವರು ಇರುವವರೆಗೂ ಹೋಗುತ್ತಾರೆ. ನಾನೂ ಚಾಪೆ ಹಾಸುತ್ತೇನೆ. ಹಾಸುವುದು ನನ್ನ ಕೆಲಸ ಅತ್ತಿಗೆ. ಬಂದು ಕೂರುವುದು ನಿಮ್ಮದು.

ಪಿಸೀಲಾ